ಗಾರ್ಡ್ ಮಾಡಿದ್ದಲ್ಲ

ಸಾಗರ
2 ಫೆಬ್ರವರಿ 2025, ಭಾನುವಾರ

ನನ್ನ ಕಾವ್ಯಾ,

ನಿನ್ನ ಕಾಗದ ಗುರುವಾರ ಕೈಸೇರಿತು. ಎರಡು ಸಲ ಓದಿ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಇಟ್ಟೆ. ರಾತ್ರಿ ಮತ್ತೆ ತೆಗೆದು ಓದಿದೆ. ಬೆಳಗಿನ ಐದಕ್ಕೆ ಎದ್ದು ಓಡುವುದು, ಬೂಟು ಕಚ್ಚಿ ಹಿಮ್ಮಡಿಯಲ್ಲಿ ಎದ್ದ ಬೊಬ್ಬೆ, ನಿಮ್ಮ ಬ್ಯಾಚಿನ ಸಣ್ಣ ಹುಡುಗಿಯರು ನಿನ್ನನ್ನು ಅಕ್ಕ ಎಂದು ಕರೆದು ಗುಡ್ಡ ಹತ್ತುವಾಗ ನಿನ್ನ ಚೀಲ ಹೊರಲು ಬರುವುದು, ನೀನು ಕೊಡದೆ ಹಟ ಮಾಡುವುದು, ಎಲ್ಲ ಓದಿ ನಗು ಬಂತು. ಕೊನೆಯಲ್ಲಿ ಬರೆದ ಒಂದು ಸಾಲು ಮಾತ್ರ ಮೂರು ದಿನದಿಂದ ನನ್ನನ್ನು ಬಿಡುತ್ತಿಲ್ಲ. “ಅಕ್ಕಾ, ಲಿಖಿತಾ ರಾತ್ರಿ ಸರಿಯಾಗಿ ನಿದ್ದೆ ಮಾಡ್ತಾಳಾ? ನಿಜ ಹೇಳು” ಎಂದು ಕೇಳಿದ್ದೀಯ.

ಪ್ರತಿ ಭಾನುವಾರ ನಿನ್ನ ಫೋನ್ ಬಂದಾಗ “ಚೆನ್ನಾಗಿ ಮಲಗ್ತಾಳೆ” ಎಂದು ಹೇಳುತ್ತ ಬಂದೆ. ಅದು ಸುಳ್ಳು ಕಣೇ. ನಾಲ್ಕು ತಿಂಗಳು ಹೇಳಿದ ಸುಳ್ಳು. ಈಗ ಹೇಳಿದರೆ ನೀನು ತಡೆದುಕೊಳ್ಳಬಲ್ಲೆ ಅನ್ನಿಸಿದ್ದಕ್ಕೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಆಗುವುದಿಲ್ಲ. ನಿನ್ನ ಫೋನ್ ಬರುವ ಹೊತ್ತಿಗೆ ಅವಳು ನನ್ನ ತೊಡೆಗೇ ಅಂಟಿಕೊಂಡು ಕೂತಿರುತ್ತಾಳೆ.

ಸೆಪ್ಟೆಂಬರಿನಲ್ಲಿ ನೀನು ಅವಳನ್ನು ನನ್ನ ಹತ್ತಿರ ಬಿಟ್ಟು ಅರಣ್ಯ ಇಲಾಖೆಯ ತರಬೇತಿಗೆ ಹೊರಟ ದಿನ ಅವಳು ಅಳಲಿಲ್ಲ ಎಂದು ನೀನು ಸಮಾಧಾನ ಪಟ್ಟಿದ್ದೆ. ನಾನೂ ಪಟ್ಟಿದ್ದೆ. ಶಾಲೆಗೆ ಹೋದಳು, ಊಟ ಮಾಡಿದಳು, ಮಗ್ಗಿ ಹೇಳಿದಳು. ಮೂರನೆಯ ವಾರ ಒಂದು ಬೆಳಿಗ್ಗೆ ಹಾಸಿಗೆ ಒದ್ದೆಯಾಗಿತ್ತು. ಎಂಟು ವರ್ಷದ ಹುಡುಗಿ. ಹೊಸ ಜಾಗ, ಒಂದು ದಿನದ್ದು ಇರಬೇಕು ಎಂದು ನಾನು ಏನೂ ಅನ್ನದೆ ಚಾದರ ಒಗೆದು ಹಾಕಿದೆ. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಆಮೇಲೆ ವಾರಕ್ಕೆ ನಾಲ್ಕು ದಿನ, ಐದು ದಿನ.

ನನಗೆ ಮಕ್ಕಳನ್ನು ಸಾಕಿ ಗೊತ್ತಿಲ್ಲ ಎನ್ನುವುದು ನಿನಗೆ ಗೊತ್ತು. ಹದಿನೈದು ವರ್ಷದಿಂದ ಈ ಮಹಡಿ ಮನೆಯಲ್ಲಿ ರಾತ್ರಿ ಸದ್ದು ಮಾಡುತ್ತಿದ್ದದ್ದು ಫ್ರಿಜ್ ಒಂದೇ. ಸಂಜೆ ಏಳರ ನಂತರ ನೀರು ಕೊಡುವುದು ನಿಲ್ಲಿಸಿದೆ. ಅವಳು ಹಲ್ಲುಜ್ಜುವ ನೆಪದಲ್ಲಿ ನಲ್ಲಿಯಲ್ಲಿ ಕುಡಿದಳು. ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿಸಿ, ಸೋಂಕು ಗೀಂಕು ಏನೂ ಇಲ್ಲ, ಬೈಯಬೇಡಿ, ಮಧ್ಯದಲ್ಲಿ ಒಮ್ಮೆ ಎಬ್ಬಿಸಿ ಎಂದರು. ಎಬ್ಬಿಸಿದರೆ ಕಣ್ಣು ಬಿಡದೆ ಅಳುತ್ತಿದ್ದಳು. ಬಾಗಿಲ ಹೊರಗೆ ಕಾಲಿಡುತ್ತಿರಲಿಲ್ಲ. ನಮ್ಮ ಮನೆಯ ಬಚ್ಚಲು, ಪಾಯಖಾನೆ ಎರಡೂ ಬಾಗಿಲು ತೆಗೆದು ಹೊರಗೆ, ಮೆಟ್ಟಿಲ ಬಾಯಲ್ಲಿ ಇವೆಯಲ್ಲ, ಅಲ್ಲಿ ದೀಪ ಇರಲಿಲ್ಲ. ಹದಿನೈದು ವರ್ಷ ಕತ್ತಲಲ್ಲೇ ಓಡಾಡಿ ರೂಢಿಯಾದ ನನಗೆ ಮಗುವಿಗೆ ಅದು ಹೆದರಿಕೆಯ ಜಾಗ ಎಂದು ಹೊಳೆಯಲೇ ಇಲ್ಲ.

ಇನ್ನೊಂದು ಹೇಳಬೇಕು. ಅಕ್ಟೋಬರ್ ಕೊನೆಯಲ್ಲಿ ಒಂದು ದಿನ, ಮದುವೆಯ ಹದಿನಾಲ್ಕು ಬ್ಲೌಸು ತಲೆಯ ಮೇಲೆ ಕೂತಿದ್ದವು. ಬೆಳಿಗ್ಗೆ ನೋಡಿದರೆ ಹಾಸಿಗೆಯ ಜೊತೆ ಅದರ ಕೆಳಗಿನ ರಗ್ಗೂ ತೊಯ್ದಿತ್ತು. ನನ್ನ ಬಾಯಿಂದ ಬಂದೇಬಿಟ್ಟಿತು: “ಇರು, ನಿಮ್ಮಮ್ಮಂಗೆ ಹೇಳ್ತೀನಿ. ಇಂಥ ಮಗಳು ಬೇಡ ಅಂತ ಅಲ್ಲೇ ಇದ್ದುಬಿಡ್ತಾಳೆ.”

ಅವಳು ಅಳಲಿಲ್ಲ. ಯೂನಿಫಾರ್ಮಿನ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಂಡು ನಿಂತಳು. ಅಪ್ಪ ಬೈಕಿನಲ್ಲಿ ತೀರ್ಥಹಳ್ಳಿಗೆ ಹೋಗಿಬರುತ್ತೇನೆ ಎಂದು ಹೋದವನು ಜೀವಂತ ಬಾರದೇ ಹೋದದ್ದನ್ನು ನೋಡಿದ ಮಗುವಿಗೆ ನಾನು ಹೇಳಿದ ಮಾತು ಇದು. ಸಂಜೆ ಅವಳಿಗೆ ಇಷ್ಟವೆಂದು ಶಾವಿಗೆ ಪಾಯಸ ಮಾಡಿದೆ. ಎರಡು ಚಮಚ ತಿಂದು ಸಾಕು ಅಂದಳು. ಅವತ್ತಿನಿಂದ ಅವಳು ಬಚ್ಚಿಡಲು ಶುರು ಮಾಡಿದಳು. ಒದ್ದೆ ಚಾದರವನ್ನು ಮಂಚದ ಅಡಿಗೆ ತುರುಕುವುದು, ಹಾಸಿಗೆ ಮಗುಚಿ ಹಾಕುವುದು, ಒದ್ದೆ ಚಡ್ಡಿಯನ್ನು ನನ್ನ ಕಟ್ ಪೀಸ್ ಮೂಟೆಯೊಳಗೆ ಸೇರಿಸುವುದು. ನಾನು ಕಂಡರೂ ಕಾಣದ ಹಾಗೆ ತೆಗೆದು ಒಗೆಯುತ್ತಿದ್ದೆ. ಕ್ಷಮೆ ಕೇಳುವುದಕ್ಕೆ ಹೇಗೆ ಶುರು ಮಾಡಬೇಕೆಂದು ಗೊತ್ತಾಗಲಿಲ್ಲ.

ಹೀಗಿರುವಾಗ ನಾಯಿಮರಿ ಬಂತು. ಅದರ ಕಥೆ ಫೋನಿನಲ್ಲಿ ಕೇಳಿ ಕೇಳಿ ನಿನಗೆ ಸಾಕಾಗಿರಬೇಕು. ಆದರೂ ಅವಳು ಹೇಳದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ.

ಅವಳನ್ನು ಶಾಲೆಗೆ ಬಿಡುವ ಆಟೋದ ಚಂದ್ರಯ್ಯ ಇದ್ದಾರಲ್ಲ, ಇಕ್ಕೇರಿ ರಸ್ತೆಯ ಅವರ ಮನೆಯಲ್ಲಿ ನಾಯಿ ಐದು ಮರಿ ಹಾಕಿತ್ತು. ನಾಲ್ಕು ಗಂಡುಮರಿಗಳನ್ನು ಜನ ಬಂದು ಒಯ್ದರು. ಹೆಣ್ಣು ಎಂದು ಒಂದು ಉಳಿಯಿತು. ಡಿಸೆಂಬರಿನ ಎರಡನೆಯ ಭಾನುವಾರ ಅದನ್ನು ಸೀಟಿನ ಮೇಲೆ ಕೂರಿಸಿಕೊಂಡು ಬಂದೇಬಿಟ್ಟರು. ಕಂದು ಮೈ, ಬಿಳಿ ಎದೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿ ಬಿದ್ದದ್ದು. ಬೇಡ ಎಂದು ನಾನು ಬಾಯಿ ತೆರೆಯುವ ಮುಂಚೆ ಲಿಖಿತಾ ಅದನ್ನು ಎತ್ತಿಕೊಂಡಾಗಿತ್ತು. “ಅಮ್ಮ ಫಾರೆಸ್ಟ್ ಗಾರ್ಡ್, ಇದು ಮನೆ ಗಾರ್ಡ್” ಎಂದು ಹೆಸರೂ ಇಟ್ಟಾಗಿತ್ತು. ಮೂರು ತಿಂಗಳಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ನಾನು ಬಾಯಿ ಮುಚ್ಚಿಕೊಂಡೆ.

ಕೆಳಗಿನ ಮನೆ ಓನರ್ ವಾಗ್ದೇವಮ್ಮನನ್ನು ಕೇಳಲು ಹೋದೆ. ಅವರ ಅಂಗಳ ನಿನಗೆ ಗೊತ್ತಲ್ಲ, ಹೂವಿನ ಗಿಡಗಳ ಬುಡದಲ್ಲಿ ಒಂದು ಒಣ ಎಲೆ ಕಾಣುವುದಿಲ್ಲ. ಅವರು ಮರಿಯನ್ನು ದೂರದಿಂದಲೇ ನೋಡಿ, “ಸಾಕ್ಕೋ, ನಂದೆಂತ ಅಡ್ಡಿ ಇಲ್ಲೆ. ಆದ್ರೆ ಮೆಟ್ಲ ಮೇಲೆ, ಅಂಗಳದಲ್ಲಿ ಗಲೀಜು ಮಾಡೋ ಹಾಗಿಲ್ಲ ನೋಡು. ಆ ಹಿಂದಿನ ಪೇರಳೆ ಮರದ ಬುಡ ಇದ್ಯಲ್ಲ, ಅಲ್ಲಿ ಮಾತ್ರ” ಎಂದರು.

ಮೊದಲ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಫ್ಯಾನಿನ ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಲೈನಿಂಗ್ ಬಟ್ಟೆ ಹಾಸಿ, ನಾನು ಮಲಗುವ ಮಿಷನ್ ಕೋಣೆಯಲ್ಲಿ ಇಟ್ಟೆ. ಅದು ಕುಂಯ್‌ಗುಟ್ಟಿತು, ಕೂಗಿತು, ಪೆಟ್ಟಿಗೆ ಪರಚಿತು. ಸುಮ್ಮನಾಗಲಿ ಎಂದು ಪೆಟ್ಟಿಗೆಯಿಂದ ಹೊರಗೆ ಬಿಟ್ಟರೆ, ಹೊಲಿದು ಮಡಚಿಟ್ಟ ಮಹಾಲಕ್ಷ್ಮೀ ಟೀಚರ್ ಬ್ಲೌಸಿನ ಪಕ್ಕದಲ್ಲೇ ಕೂತು ಒಂದು ಕೆರೆ ಮಾಡಿತು. ಬ್ಲೌಸು ಕೂದಲೆಳೆಯಲ್ಲಿ ಉಳಿಯಿತು. ಬೆಳಗಾಗುವ ಹೊತ್ತಿಗೆ ಮೂರು ಕಡೆ ಒರೆಸಿದ್ದೆ.

ಮಾರನೆಯ ದಿನ ಚಂದ್ರಯ್ಯನಿಗೆ ಮರಿ ವಾಪಸ್ ಒಯ್ಯಿರಿ ಎಂದೆ. ಆತ ಆಟೋ ಆಫ್ ಮಾಡಿ ಇಳಿದು ಬಂದು ನಿಧಾನವಾಗಿ ಹೇಳಿದರು: “ಅದು ಇನ್ನೂ ಎರಡು ತಿಂಗಳ ಕೂಸು ಕಣಮ್ಮ, ಹಿಡ್ಕಳಕ್ಕೆ ಬರಲ್ಲ ಅದಕ್ಕೆ. ಎಂಟು ಗಂಟೆ ಮೇಲೆ ನೀರಿನ ಬಟ್ಲು ತೆಗೆದಿಡಿ. ಮಲಗಕ್ಕೆ ಮುಂಚೆ ಒಂದ್ಸಲ ಇಳಿಸಿ, ಒಂದೂವರೆಗೆ ಒಂದ್ಸಲ, ಬೆಳಿಗ್ಗೆ ಕಣ್ಬಿಟ್ ಕೂಡ್ಲೆ ಒಂದ್ಸಲ. ದಿನಾ ಒಂದೇ ಜಾಗ. ಮಾಡಿದ್ ಕೂಡ್ಲೆ ತಲೆ ಸವರಿ, ಜಾಣೆ ಅನ್ನಿ. ಒಳಗೆ ಮಾಡ್ತು ಅಂತ ಹೊಡಿಬೇಡಿ, ಅದ್ರಲ್ಲೇ ಮೂತಿ ತಿಕ್ಬೇಡಿ. ಹೆದ್ರಿದ್ರೆ ಕದ್ದು ಮಾಡ್ತದೆ, ಮೂಲೆ ಹುಡುಕ್ತದೆ. ಅಮ್ಮನ್ನ ಬಿಟ್ಟು ಬಂದಿದೆ ಪಾಪ, ಒಂದಿಷ್ಟು ದಿನ ಬೇಕು.”

ಆಟೋದಲ್ಲಿ ಕೂತಿದ್ದ ಲಿಖಿತಾ ಎಲ್ಲ ಕೇಳಿಸಿಕೊಂಡಳು. ನಾನು ಅವಳ ಮುಖ ನೋಡಲಾರದೆ ಅವರ ಆಟೋದ ಚಕ್ರ ನೋಡುತ್ತ ನಿಂತೆ.

ನಾಲ್ಕನೆಯ ದಿನ ಬೆಳಿಗ್ಗೆ ಅವಳ ಹಾಸಿಗೆ ಮತ್ತೆ ಒದ್ದೆ. ನಾನು ಒಳಗೆ ಹೋದಾಗ ಬಾಗಿಲಲ್ಲೇ ನಿಂತಿದ್ದವಳು, “ದೊಡ್ಡಮ್ಮ, ಗಾರ್ಡ್ ಬಂದು ಮಾಡ್ತು” ಅಂದಳು.

ಆ ಮರಿಗೆ ಪೆಟ್ಟಿಗೆ ಹತ್ತಲು ಬರುತ್ತಿರಲಿಲ್ಲ. ಅವಳ ಮಂಚ ಅದಕ್ಕೆ ಬೆಟ್ಟ. ಎರಡೂ ಕೋಣೆಯ ನಡುವಿನ ಬಾಗಿಲಿಗೆ ನಾನೇ ಚಿಲಕ ಹಾಕಿದ್ದೆ. ಎಲ್ಲ ಗೊತ್ತಿದ್ದೂ “ಹೌದಾ? ಸಣ್ಣದಲ್ವಾ, ಗೊತ್ತಾಗಲ್ಲ” ಎಂದೆ. ಅವಳ ಭುಜ ಸಡಿಲವಾದದ್ದು ಕಣ್ಣಿಗೆ ಕಂಡಿತು. ನಾನೊಂದು ಜಾಣತನ ಮಾಡಿದೆ ಅಂದುಕೊಂಡೆ. ಹತ್ತು ದಿನ ಆ ಬಡಪಾಯಿ ಮರಿ ಇಬ್ಬರ ಪಾಲಿನದನ್ನೂ ಹೊತ್ತುಕೊಂಡು ಬಾಲ ಆಡಿಸುತ್ತ ಓಡಾಡಿತು.

ಆಮೇಲೆ ಅದು ಎಲ್ಲಿಗೆ ಬಂತು ನೋಡು. ಒಂದೇ ವಾರದಲ್ಲಿ ಮೂರನೆಯ ಸಲ ಟೆರೇಸಿನಲ್ಲಿ ಹಾಸಿಗೆ ಒಣಗುತ್ತಿದ್ದುದನ್ನು ವಾಗ್ದೇವಮ್ಮ ಕಂಡರು. ಏನು ಎಂದು ಕೇಳಿದರು. ಲಿಖಿತಾ ಪಕ್ಕದಲ್ಲೇ ಇದ್ದಳು. ನಾನು “ಮರಿ ಮಾಡಿತು” ಎಂದೆ. ಅವರ ಮುಖ ಬಿಗಿಯಾಯಿತು. “ಎಂತ ಆಶಾ, ಹಾಸಿಗೆ ಮೇಲೆಲ್ಲ ಮಾಡ್ತು ಅಂದ್ರೆ ಆ ಮಗು ಆರೋಗ್ಯ ಎಂತಾಗ್ತು? ಹಿನ್ನೀರಿನಾಚೆ ಬ್ಯಾಕೋಡಲ್ಲಿ ನನ್ನ ತಮ್ಮನ ಮನೆ ಇದೆ, ದನ ಕರು ಇದ್ದಲ್ಲಿ ಒಂದು ನಾಯಿ ಬೇಕಂತೆ ಅವ್ನಿಗೆ. ಭಾನುವಾರ ಬರ್ತಾನೆ, ಕೊಟ್ಟು ಕಳಿಸೋಣ. ಲಾಂಚ್ ದಾಟಿಸಿದ್ರೆ ಮತ್ತೆ ತಿರುಗಿ ಬರಲ್ಲ” ಎಂದರು.

ಅವರು ಕೆಟ್ಟದ್ದಕ್ಕೆ ಹೇಳಲಿಲ್ಲ. ನಾನು ಆಗಲೇ ನಿಜ ಹೇಳಬೇಕಿತ್ತು. ಹೇಳಿದರೆ ಹುಡುಗಿಯ ಮಾನ ಹೋಗುತ್ತದೆ ಎಂದು ಸುಮ್ಮನಿದ್ದೆ ಎಂದು ನಿನಗೆ ಬರೆಯಬಹುದು. ಅರ್ಧ ನಿಜ ಅದು. ಉಳಿದರ್ಧ ಏನೆಂದರೆ, ಒಂದೂವರೆಗೆ ಏಳುವುದು, ಚಳಿಯಲ್ಲಿ ಮರಿ ಎತ್ತಿಕೊಂಡು ಹದಿನಾರು ಮೆಟ್ಟಿಲು ಇಳಿಯುವುದು ನನಗೆ ಸಾಕಾಗಿತ್ತು. ಹೋದರೆ ಹೋಗಲಿ ಅನ್ನಿಸಿತು, ಕಾವ್ಯಾ.

ಶನಿವಾರ ರಾತ್ರಿ ಅವಳು ಊಟ ಮುಟ್ಟಲಿಲ್ಲ. ಮರಿಯ ಪೆಟ್ಟಿಗೆಯ ಪಕ್ಕ ಕೂತು ಅದರ ಕಿವಿ ಮಡಚುತ್ತಿದ್ದಳು, ಬಿಡುತ್ತಿದ್ದಳು. ಮಲಗು ಎಂದರೆ ಹೋಗಿ ಮಲಗಿದಳು. ಭಾನುವಾರ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಬಾಗಿಲು ತೆಗೆದ ಸದ್ದಾಯಿತು. ಹೊರಗೆ ಬಂದರೆ ಅವಳು ಸ್ವೆಟರಿನೊಳಗೆ ಮರಿಯನ್ನು ಇಟ್ಟುಕೊಂಡು ಮೆಟ್ಟಿಲಿಳಿದಾಗಿತ್ತು. ಕೆಳಗೆ ವಾಗ್ದೇವಮ್ಮ ದಾಸವಾಳ ಕೊಯ್ಯುತ್ತಿದ್ದರು. ನಾನು ಮೇಲಿನ ಮೆಟ್ಟಿಲಲ್ಲೇ ನಿಂತೆ.

“ಅಜ್ಜಿ, ಗಾರ್ಡ್ ಮಾಡಿದ್ದಲ್ಲ.”

ಅವರಿಗೆ ತಿಳಿಯಲಿಲ್ಲ. “ಎಂತದು ಮಗಾ?”

“ಹಾಸಿಗೆ ಒದ್ದೆ ಮಾಡಿದ್ದು ಗಾರ್ಡ್ ಅಲ್ಲ. ನಾನು. ಎಲ್ಲಾ ದಿನಾನೂ ನಾನೇ ಮಾಡಿದ್ದು. ಅದನ್ನ ಲಾಂಚಲ್ಲಿ ಕಳಿಸ್ಬೇಡಿ.” ಒಂದು ಸಲ ಉಸಿರು ಎಳೆದುಕೊಂಡು, “ನನ್ನೂ ಕಳಿಸ್ಬೇಡಿ” ಎಂದಳು.

ವಾಗ್ದೇವಮ್ಮ ಹೂವಿನ ಬುಟ್ಟಿ ಹಿಡಿದು ಹಾಗೇ ನಿಂತರು. ಮೇಲೆ ನನ್ನನ್ನು ನೋಡಿದರು. ನಾನು ತಲೆ ಆಡಿಸಿದೆ, ಅಷ್ಟೇ ನನ್ನಿಂದ ಆದದ್ದು. ಅವರು ಬುಟ್ಟಿಯನ್ನು ತುಳಸಿಕಟ್ಟೆಯ ಮೇಲೆ ಇಟ್ಟು, ಮಂಡಿ ನೋವಿನವರು, ಕಟ್ಟೆ ಹಿಡಿದುಕೊಂಡು ಅವಳ ಮುಖದ ಸಮಕ್ಕೆ ಕೂತರು.

“ನಿನ್ನ ಯಾರು ಕಳಿಸ್ತಾರೆ? ನಾನು ಕಳಿಸ್ತ್ನಾ? ಈ ಮನೆಯಿಂದ ನೀನೂ ಹೋಗಲ್ಲ, ನಿನ್ನ ನಾಯಿನೂ ಹೋಗಲ್ಲ. ನನ್ನ ತಮ್ಮಂಗೆ ಬೇರೆ ನಾಯಿ ಸಿಗ್ತು.” ಆಮೇಲೆ ನನ್ನ ಕಡೆಗೆ ಧ್ವನಿ ಏರಿಸಿದರು. “ಆ ಮೆಟ್ಲ ತುದಿಗೆ ಲೈಟ್ ಇಲ್ಲೆ ಅಂತ ನೀನಾದ್ರೂ ಹೇಳ್ಬೇಕಿತ್ತಲ್ದನೇ ಆಶಾ? ರಾತ್ರಿ ಅಲ್ಲಿಗೆ ಹೋಗೋಕೆ ನಂಗೇ ಧೈರ್ಯ ಸಾಲ, ಇಷ್ಟುದ್ದದ ಮಗು ಹ್ಯಾಂಗೆ ಹೋಗ್ತು?”

ಅವತ್ತು ಸಂಜೆಯೊಳಗೆ ಅವರ ಯಜಮಾನರು, ಗಣೇಶಮೂರ್ತಿಗಳು, ವಯರ್ ಎಳೆಸಿ ಮೆಟ್ಟಿಲ ಬಾಯಲ್ಲಿ ಒಂದು, ಪೇರಳೆ ಮರದ ಹತ್ತಿರ ಒಂದು ಬಲ್ಬು ಹಾಕಿಸಿದರು. ರಾತ್ರಿ ಹತ್ತಕ್ಕೆ ಅವರು ಅಭ್ಯಾಸದಂತೆ ಎಲ್ಲ ದೀಪ ಆರಿಸಲು ಹೊರಟಾಗ ಒಳಗಿನಿಂದ ವಾಗ್ದೇವಮ್ಮನ ದನಿ ನಮಗೂ ಕೇಳಿಸಿತು: “ಅದ್ನ ಆರ್ಸಡಿ, ಕೂಸು ಇಳ್ಕಂಡು ಬತ್ತು.”

ಆ ರಾತ್ರಿ ಅಲಾರಂ ಹೊಡೆದಾಗ ನಾನು ಅವಳನ್ನು ಎಬ್ಬಿಸಲು ಹೋಗಲಿಲ್ಲ. ಅವಳೇ ಎದ್ದು ಬಂದಳು. “ಗಾರ್ಡ್ ನಂದು, ನಾನೇ ಇಳಿಸ್ತೀನಿ” ಅಂದಳು. ಇಬ್ಬರೂ ಸ್ವೆಟರ್, ಮಂಕಿ ಕ್ಯಾಪು ಹಾಕಿಕೊಂಡು ಇಳಿದೆವು. ಆ ಮರಿ ನಮ್ಮನ್ನು ಕಾಯಿಸಿದ್ದು ಹೇಳಲಾರೆ. ಪೇರಳೆ ಮರಕ್ಕೆ ಮೂರು ಸುತ್ತು ಬಂತು, ಎಲೆಯೊಂದರ ಜೊತೆ ಜಗಳ ಮಾಡಿತು, ಕೂತಿತು, ಎದ್ದಿತು. ಕೊನೆಗೆ ಕೆಲಸ ಮುಗಿಸಿದಾಗ ಲಿಖಿತಾ ಅದರ ತಲೆ ಸವರಿ “ಜಾಣೆ, ಜಾಣೆ” ಎಂದಳು. ವಾಪಸ್ ಹತ್ತಿ ಬಂದು ಮೆಟ್ಟಿಲ ಬಾಯಲ್ಲಿ ನಿಂತವಳು, ಮರಿಯನ್ನು ನನ್ನ ಕೈಗೆ ಕೊಟ್ಟು, “ಒಂದ್ನಿಮಿಷ ಹಿಡ್ಕೋ, ನಂಗೂ ಬರ್ತಿದೆ” ಎಂದು ಪಾಯಖಾನೆಗೆ ಹೋದಳು. ಬಾಗಿಲು ಸ್ವಲ್ಪ ತೆರೆದೇ ಇತ್ತು. “ದೊಡ್ಡಮ್ಮ, ಇದೀಯಾ?” ಎಂದು ಒಳಗಿನಿಂದ ಎರಡು ಸಲ ಕೇಳಿದಳು. ಇದ್ದೇನೆ ಎಂದೆ. ಹೊರಗೆ ಬಂದಾಗ ಅವಳ ತಲೆಯನ್ನೂ ಸವರಬೇಕು ಅನ್ನಿಸಿತು. ನಾಚಿಕೊಂಡಾಳು ಎಂದು ಸುಮ್ಮನಿದ್ದೆ.

ಮೂರನೆಯದೋ ನಾಲ್ಕನೆಯದೋ ರಾತ್ರಿ, ಮರಿ ಇನ್ನೂ ಮರ ಸುತ್ತುತ್ತಿದ್ದಾಗ, ಕೆಳಗಿನ ಮೆಟ್ಟಿಲಲ್ಲಿ ನನಗೆ ಒತ್ತಿ ಕೂತು ಕೇಳಿದಳು: “ದೊಡ್ಡಮ್ಮ, ನೀನು ಅಮ್ಮಂಗೆ ಹೇಳಿದ್ಯಾ?”

“ಇಲ್ಲ.”

“ಹೇಳಿದ್ರೆ ಅವಳು ಅಲ್ಲೇ ಇದ್ದುಬಿಡ್ತಾಳೆ ಅಂತ ಹೇಳಿಲ್ವಾ?”

ಎರಡು ತಿಂಗಳು ಆ ಮಾತನ್ನು ಹೊತ್ತುಕೊಂಡು ಶಾಲೆಗೆ ಹೋಗಿ ಬಂದಿದ್ದಾಳೆ, ಕಾವ್ಯಾ. ನಾನು ಅಲ್ಲೇ, ಆ ಚಳಿಯಲ್ಲಿ ಹೇಳಿದೆ. ಅದು ನಾನು ಸಿಟ್ಟಿನಲ್ಲಿ ಆಡಿದ ಸುಳ್ಳು, ನಿಮ್ಮಮ್ಮ ಹಾಗಲ್ಲ, ತಪ್ಪು ನಂದು ಎಂದೆ. ಅವಳು ಮರಿಯ ಕಡೆಗೇ ನೋಡಿದಳು. ಆಮೇಲೆ “ಅಪ್ಪನೂ ಸಂಜೆ ಬರ್ತೀನಿ ಅಂದಿದ್ದ” ಅಂದಳು. ಅವಳ ಕಾಲನ್ನು ನನ್ನ ಶಾಲಿನೊಳಗೆ ಎಳೆದುಕೊಂಡು ಕೂತೆ. ಮರಿ ಕೆಲಸ ಮುಗಿಸಿ ಬಂದು ನಮ್ಮಿಬ್ಬರ ನಡುವೆ ತೂರಿಕೊಂಡಿತು. ತಲೆ ಸವರಲು ಇಬ್ಬರೂ ಮರೆತೆವು.

ಮಾರನೆಯ ದಿನವೇ ನನ್ನ ಹಾಸಿಗೆಯನ್ನೂ ಮರಿಯ ಪೆಟ್ಟಿಗೆಯನ್ನೂ ಮಿಷನ್ ಕೋಣೆಯಿಂದ ಒಳಗೆ, ಅವಳ ಮಂಚದ ಪಕ್ಕಕ್ಕೆ ತಂದೆ. ಇಷ್ಟು ದಿನ ಯಾಕೆ ತರಲಿಲ್ಲವೋ ತಿಳಿಯದು. ರಾತ್ರಿ ತಡವಾಗಿ ಹೊಲಿಯುತ್ತೇನೆ, ಅವಳಿಗೆ ಸದ್ದಾಗುತ್ತದೆ ಎಂದು ನೆಪ ಹೇಳಿಕೊಂಡಿದ್ದೆ.

ಜನವರಿಯ ಮೊದಲ ವಾರ ಅವಳು ಹೊಸದೊಂದು ಹಟ ಹಿಡಿದಳು. ಗಾರ್ಡ್‌ಗೆ ಅದರ ಅಮ್ಮನನ್ನು ತೋರಿಸಬೇಕಂತೆ. ಚಂದ್ರಯ್ಯನೇ ಕರೆದುಕೊಂಡು ಹೋದರು. ನನಗೆ ಒಳಗೊಳಗೇ ಹೆದರಿಕೆ. ತಾಯಿನಾಯಿ ಗುರುತು ಹಿಡಿಯದೆ ಗುರ್ ಎಂದರೆ ಈ ಹುಡುಗಿಗೆ ಏನು ಹೇಳುವುದು? ಬೇಲಿಯ ಹತ್ತಿರ ಮಲಗಿದ್ದ ಅದು ಎದ್ದು ಬಂತು. ಗಾರ್ಡ್ ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡಿತು. ತಾಯಿ ಅದನ್ನು ಮೂತಿಯಿಂದ ಬಾಲದವರೆಗೆ ಮೂಸಿತು, ಕಿವಿಯೊಳಗೆ ಮೂಸಿತು, ಆಮೇಲೆ ಶುರು ಮಾಡಿತು ನೋಡು ನೆಕ್ಕುವುದಕ್ಕೆ. ನಾನು ಹಾಕಿದ ಪೌಡರೆಲ್ಲ ಹೋಯಿತು. ಲಿಖಿತಾ ಉಸಿರು ಬಿಡದೆ ನೋಡಿದಳು. ವಾಪಸ್ ಬರುವಾಗ ಆಟೋದಲ್ಲಿ, “ಗುರುತು ಸಿಕ್ತು ದೊಡ್ಡಮ್ಮ. ಇಷ್ಟು ದೊಡ್ಡದಾಗಿದ್ರೂ ಸಿಕ್ತು” ಎಂದು ಒಂದೇ ಸಮ ಹೇಳಿದಳು. ಆಮೇಲೆ ನಿನ್ನ ಬಗ್ಗೆ ಏನೂ ಕೇಳಲಿಲ್ಲ. ಮನೆಗೆ ಬಂದು ಎರಡು ಚಪಾತಿ ಹೆಚ್ಚು ತಿಂದಳು.

ಕ್ಯಾಲೆಂಡರಿನ ಹಾಳೆಯ ಹಿಂದೆ ಅವಳೊಂದು ಪಟ್ಟಿ ಮಾಡಿ ಅಡುಗೆಮನೆ ಗೋಡೆಗೆ ಅಂಟಿಸಿದ್ದಾಳೆ. ಮೇಲೆ “ಗಾರ್ಡ್” ಎಂದು ಬರೆದು, ರಾತ್ರಿ ಒಳಗೆ ಮಾಡದ ದಿನಕ್ಕೆ ಒಂದು ರೈಟ್ ಗುರುತು. ಒಂದು ದಿನ ನೋಡುತ್ತೇನೆ, ಪಕ್ಕದಲ್ಲಿ ಇನ್ನೊಂದು ಸಾಲು ಬಂದಿದೆ. ಅದಕ್ಕೆ ಹೆಸರು ಇಲ್ಲ. ಅದರಲ್ಲೂ ರೈಟ್ ಗುರುತುಗಳು ಬೀಳುತ್ತಿವೆ.

ಪೂರ್ತಿ ಸರಿಹೋಯಿತು ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಜನವರಿ ಹತ್ತೊಂಬತ್ತಕ್ಕೆ ನೀವೆಲ್ಲ ಕಾಡಿಗೆ ಹೋಗಿದ್ದಿರಿ, ನಿನ್ನ ಫೋನ್ ಬರಲಿಲ್ಲ. ರಾತ್ರಿ ಎಂಟರವರೆಗೆ ಮೊಬೈಲ್ ಹಿಡಿದು ಕೂತಿದ್ದಳು. ಮಾರನೆಯ ಬೆಳಗಿನ ಜಾವ ನನ್ನ ಭುಜ ಅಲ್ಲಾಡಿಸಿ ಎಬ್ಬಿಸಿ, “ದೊಡ್ಡಮ್ಮ, ಇವತ್ತು ನಂದು ಆಗೋಯ್ತು” ಅಂದಳು. ಎದ್ದೆ. ಇಬ್ಬರೂ ಸೇರಿ ಚಾದರ ಬದಲಾಯಿಸಿದೆವು. ಅವಳೇ ಹೋಗಿ ಹೆಸರಿಲ್ಲದ ಸಾಲಿನಲ್ಲಿ ಒಂದು ತಪ್ಪು ಗುರುತು ಹಾಕಿ ಬಂದು ಮಲಗಿದಳು. ಹತ್ತು ನಿಮಿಷಕ್ಕೆ ಗೊರಕೆ. ಅವತ್ತಿನಿಂದ ಇವತ್ತಿನವರೆಗೆ ಒಣ ಹಾಸಿಗೆ. ಮರಿಯೂ ದೊಡ್ಡದಾಯಿತು. ಈಗ ಮೂರು ಗಂಟೆಗೆ ಒಂದೇ ಸಲ ಇಳಿಸಿದರೆ ಬೆಳಗಿನವರೆಗೆ ತಡೆಯುತ್ತದೆ. ಬೇಕೆನಿಸಿದರೆ ತಾನೇ ಬಾಗಿಲು ಪರಚುತ್ತದೆ. ವಾಗ್ದೇವಮ್ಮನ ಅಂಗಳ ಇನ್ನೂ ಸ್ವಚ್ಛವಾಗಿದೆ. ಆದರೆ ಅವರೇ ದೋಸೆಯ ಚೂರು ಹಾಕಿ ಹಾಕಿ ಅದನ್ನು ಅಂಗಳಕ್ಕೆ ಕರೆಯುವುದನ್ನು ಎರಡು ಸಲ ಕಂಡಿದ್ದೇನೆ.

ಇದನ್ನೆಲ್ಲ ಬರೆಯಲು ಲಿಖಿತಾಳ ಒಪ್ಪಿಗೆ ಕೇಳಿದೆ. ಕೇಳದೆ ಬರೆಯಬಾರದು ಅನ್ನಿಸಿತು. ಯೋಚಿಸಿ ನಾಳೆ ಹೇಳುತ್ತೇನೆ ಅಂದಳು. ಮಾರನೆಯ ದಿನ, “ನೀನೇ ಬರಿ, ನಂಗೆ ಹೇಳಕ್ಕೆ ನಾಚಿಕೆ. ಆದ್ರೆ ಫೋನಲ್ಲಿ ಅಮ್ಮ ಅದ್ರ ಬಗ್ಗೆ ಕೇಳಬಾರ್ದು” ಎಂದಳು. ನೆನಪಿಟ್ಟುಕೋ. ಅವಳೇ ಎತ್ತಿದರೆ ಮಾತ್ರ ಮಾತಾಡು. ಮತ್ತೆ, ಟ್ರಂಕು ಕಟ್ಟಬೇಡ. ನೀನು ಈಗ ಬಿಟ್ಟು ಬಂದರೆ ತನ್ನಿಂದಲೇ ಬಂದೆ ಎಂದು ಅವಳು ಜೀವಮಾನವಿಡೀ ಅಂದುಕೊಳ್ಳುತ್ತಾಳೆ. ಶಿವರಾತ್ರಿಗೆ ಎರಡು ದಿನ ರಜೆ ಸಿಗುತ್ತದೆಯೇ, ಕೇಳಿ ನೋಡು. ಸಿಗದಿದ್ದರೆ ಮೊದಲೇ ತಿಳಿಸು. ಬರುತ್ತೇನೆ ಎಂದು ಹೇಳಿ ಬಾರದೆ ಇರುವುದು ಬೇಡ.

ನಿನಗೆ ಹೊಸನಗರದ ಕಡೆ ಪೋಸ್ಟಿಂಗ್ ಸಿಕ್ಕಿದರೆ ಅವಳು ನಿನ್ನ ಜೊತೆ ಹೋಗುತ್ತಾಳೆ, ಮರಿಯೂ ಹೋಗುತ್ತದೆ. ಹೋಗಲೇಬೇಕು. ನಿನ್ನೆ ಅಲಾರಂ ಹೊಡೆಯುವ ಮುಂಚೆಯೇ ಎಚ್ಚರವಾಗಿ, ಕತ್ತಲಲ್ಲಿ ಎರಡು ಉಸಿರಾಟ ಕೇಳುತ್ತ ಬಿದ್ದುಕೊಂಡಿದ್ದೆ. ಒಂದು ಮಂಚದ ಮೇಲಿನದು, ಒಂದು ಪೆಟ್ಟಿಗೆಯದು. ಈ ಫ್ರಿಜ್ಜಿನ ಸದ್ದು ಇಷ್ಟು ದಿನ ಹೇಗೆ ಸಾಕಾಗಿತ್ತೋ ನನಗೆ. ಇದನ್ನು ನಿನ್ನನ್ನು ಕಟ್ಟಿಹಾಕಲು ಬರೆಯುತ್ತಿಲ್ಲ. ಇಷ್ಟೆಲ್ಲ ನಿಜ ಬರೆದ ಮೇಲೆ ಇದನ್ನು ಮುಚ್ಚಿಡುವುದು ಯಾಕೆ ಎಂದು ಬರೆದೆ.

ಬೊಬ್ಬೆಗೆ ಕೊಬ್ಬರಿ ಎಣ್ಣೆ ಹಚ್ಚು, ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕು. ಊಟ ಬಿಡಬೇಡ. ಚೀಲ ಹೊರಲು ಬಂದರೆ ಒಮ್ಮೆಯಾದರೂ ಕೊಡು, ಆ ಹುಡುಗಿಯರಿಗೂ ಖುಷಿಯಾಗುತ್ತದೆ.

ನಿನ್ನ ದಾರಿ ನೋಡುತ್ತಿರುವ ಇಬ್ಬರ ಪರವಾಗಿ, ಅವರ ನಾಯಿಯ ಪರವಾಗಿಯೂ,

ನಿನ್ನ
ಆಶಕ್ಕ

ತಾ.ಕ.: ಕವರು ಅಂಟಿಸುವ ಮುಂಚೆ ಇನ್ನೊಂದು ಬರೆಯದಿದ್ದರೆ ಇವತ್ತು ರಾತ್ರಿ ನನಗೆ ಮೆಟ್ಟಿಲ ಮೇಲೆ ಕೂರಲು ಜಾಗ ಸಿಗುವುದಿಲ್ಲ. ಆಗ ನಿನಗೆ ನಾಲ್ಕು ವರ್ಷ, ನನಗೆ ಹನ್ನೊಂದು. ಅಪ್ಪನ ಮನೆಯಲ್ಲಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವು. ಹಾಸಿಗೆ ತೊಯ್ದ ದಿನವೆಲ್ಲ ಅಮ್ಮ ನಿನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ತಣ್ಣೀರು ಹೊಯ್ಯುತ್ತಿದ್ದಳು. ನಿನ್ನ ಮದುವೆಯ ದಿನವೂ ಶೇಷಮ್ಮತ್ತೆ ಗಂಡಿನ ಕಡೆಯವರ ಮುಂದೆ ಅದನ್ನು ಹೇಳಿ ಎಲ್ಲರನ್ನೂ ನಗಿಸಿದರು, ನೀನು ಕೆಂಪಗಾಗಿ ತಲೆ ತಗ್ಗಿಸಿದೆ. ಕಾವ್ಯಾ, ಅದು ನೀನಲ್ಲ. ನಾನು. ಬೆಳಗಿನ ಜಾವ ಎಚ್ಚರವಾದರೆ ನಿದ್ದೆಯಲ್ಲಿದ್ದ ನಿನ್ನನ್ನು ಒದ್ದೆಯ ಕಡೆ ಸರಿಸಿ, ನಾನು ಒಣ ಜಾಗದಲ್ಲಿ ಮಲಗುತ್ತಿದ್ದೆ. ನಿನ್ನೆ ರಾತ್ರಿ ಲಿಖಿತಾಗೆ ಇದನ್ನು ಹೇಳಿದೆ, ನಗುತ್ತಾಳೆ ಅಂದುಕೊಂಡು. ನಗಲಿಲ್ಲ. “ಅಮ್ಮಂಗೆ ಹೇಳಿದೀಯಾ?” ಎಂದು ಕೇಳಿದಳು. ಇಲ್ಲ ಎಂದೆ. “ಹಂಗಾದ್ರೆ ಕಾಗದದಲ್ಲಿ ಅದನ್ನೂ ಬರಿ ದೊಡ್ಡಮ್ಮ. ಹೇಳಿದ್ರೆ ಏನೂ ಆಗಲ್ಲ” ಎಂದಳು.